ತುಟಿಗೆ ತಾಗುವ ಮುನ್ನ

ಬಿಸಿಯಾಗಿರಬೇಕು, ಹಬೆ ಏಳುತ್ತಿದೆ ಅಂದಮೇಲೆ ಬಿಸಿಯಾಗಿಯೇ ಇರಬೇಕು, ಆದರೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಬಾಯಿ ಬಿಡುತ್ತಿಲ್ಲ, ಕಿರುಬೆರಳೊಂದು ಮಾತ್ರ ಹೌದು ಬಿಸಿ, ಹೌದು ಬಿಸಿ ಎಂದು ಗೊಣಗುತ್ತಿದೆ, ಗೊಣಗಲಿ — ದೊಡ್ಡ ಇಸ್ತ್ರಿ ರೋಲರಿನಿಂದ ಇನ್ನೊಂದು ಬೆಡ್‌ಶೀಟು ಇಳಿಯುತ್ತದೆ, ಅವಳು ಎರಡು ಮೂಲೆ ಹಿಡಿಯುತ್ತಾಳೆ, ಎದುರಿಗೆ ಗಡಿಬಿಡಿಯಕ್ಕ ಎರಡು ಮೂಲೆ ಹಿಡಿಯುತ್ತಾಳೆ, ಒಮ್ಮೆ ಕೊಡವು, ಅರ್ಧಕ್ಕೆ ಮಡಿಸು, ನಡೆದು ಬಂದು ಮೂಲೆಗಳನ್ನು ಅವಳ ಕೈಗೆ ಕೊಡು, ಬಗ್ಗಿ ಮಡಿಕೆ ಎತ್ತಿಕೋ, ಹಿಂದೆ ಹೋಗು, ಮತ್ತೆ ಬಾ. ಯಾರೋ ಮಲಗಿ ಎದ್ದುಹೋದ ಹಾಸಿಗೆಗಳು, ಹೋಟೆಲಿನ ಅಷ್ಟೂ ಕೋಣೆಗಳ ನಿದ್ದೆ ಇಲ್ಲಿ ನೆಲಮಾಳಿಗೆಗೆ ಬಂದು ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಚೌಕಾಕಾರದ ಇಟ್ಟಿಗೆಗಳಾಗಿ ಗಾಡಿ ಏರುತ್ತದೆ. ಗಡಿಬಿಡಿಯಕ್ಕನಿಗೆ ಆ ಹೆಸರು ಇಟ್ಟವಳು ಇವಳೇ, ಇಡೀ ಲಾಂಡ್ರಿಯಲ್ಲಿ ಅದೇ ಹೆಸರಾಗಿಬಿಟ್ಟಿದೆ, ಮ್ಯಾನೇಜರ್ ಕೂಡ ಅದೇ ಕೂಗುತ್ತಾನೆ, ಅವಳಿಗೂ ಬೇಜಾರಿಲ್ಲ, ಬೇಜಾರು ಮಾಡಿಕೊಳ್ಳೋಕೂ ಪುರುಸೊತ್ತು ಬೇಕಲ್ಲ ತಾಯಿ ಅನ್ನುತ್ತಾಳೆ. ಫೋನ್ ಬಂತಾ ಎಂದು ಈಗಲೂ ಕೇಳುತ್ತಿದ್ದಾಳೆ, ಇಲ್ಲ ಅಕ್ಕ, ಬಂದಿಲ್ಲ, ಏಪ್ರನ್ ಜೇಬಿನಲ್ಲಿದೆ, ನಡುಗಿದರೆ ತೊಡೆಗೆ ಗೊತ್ತಾಗುತ್ತದೆ, ತೊಡೆಗೆ ಇನ್ನೂ ಎಲ್ಲ ಗೊತ್ತಾಗುತ್ತದೆ. ಬರುತ್ತದೆ. ಊಟದ ಹೊತ್ತಾಯಿತು, ಈಗ ಬರುತ್ತದೆ — ಬನ್ನಿ, ನಿಮ್ಮ ಹುಡುಗ ಬಾಯೇ ಬಿಡ್ತಿಲ್ಲ, ಬಂದು ಕರ್ಕೊಂಡು ಹೋಗಿ — ಎಂದು ಯಾರಾದರೂ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಮುಗಿದರೆ ಯಾವ ಕಡೆಗೆ ಮುಗಿದರೇನು.

ಬೆಳಿಗ್ಗೆ ಅವನನ್ನು ಮೆಟ್ಟಿಲಿಳಿಸುವಾಗ ಗಂಡ ಕಾಲ ಕಡೆ ಹಿಡಿದಿದ್ದ, ಅವಳು ಕಂಕುಳ ಕಡೆ, ಹನ್ನೆರಡು ತುಂಬಿದ ಹುಡುಗ, ಕಾಲುಗಳು ಉದ್ದವಾಗಿವೆ, ಸಣಕಲಾದರೂ ಉದ್ದ, ತಿರುವಿನಲ್ಲಿ ಪ್ರತಿಸಲ ಹಿಮ್ಮಡಿ ಗೋಡೆಗೆ ತಾಗುತ್ತದೆ, ಗೋಡೆಯ ಮೇಲೆ ಆ ಜಾಗ ಹೊಳಪಾಗಿಬಿಟ್ಟಿದೆ. ಕೆಳಮನೆಯವನು ಬಾಗಿಲು ತೆರೆದು ಹಲ್ಲುಜ್ಜುತ್ತಾ ನೋಡುತ್ತಾನೆ, ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡೋನ ಮನೆಗೇ ಲಿಫ್ಟಿಲ್ಲವಲ್ರೀ ಎಂದು ಅದೇ ತಮಾಷೆ, ಗಂಡ ಅದೇ ನಗು ನಗುತ್ತಾನೆ, ಲಿಫ್ಟ್ ರಿಪೇರಿಯವನು, ಕೈಯಲ್ಲಿ ಸದಾ ಗ್ರೀಸಿನ ವಾಸನೆ, ಕೆಟ್ಟುನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಿಂದ ಧೈರ್ಯ ಹೇಳಿ ಹೇಳಿ ಮನೆಯಲ್ಲೂ ಅದೇ ದನಿ, ಏನೂ ಆಗಲ್ಲ, ಇನ್ನೊಂದು ಐದು ನಿಮಿಷ, ಏನೂ ಆಗಲ್ಲ. ಹುಡುಗನಿಗೆ ಮನೆಯಲ್ಲಿ ದೊರೆ ಎಂದು ಹೆಸರು. ಅತ್ತೆ ಇದ್ದಾಗ ಇಟ್ಟದ್ದು, ಸ್ನಾನ ಮಾಡಿಸೋಕೊಬ್ಬರು, ಬಟ್ಟೆ ಹಾಕೋಕೊಬ್ಬರು, ತಿನ್ನಿಸೋಕೊಬ್ಬರು, ಎತ್ತಿಕೊಂಡು ತಿರುಗೋಕೊಬ್ಬರು, ಇವನು ಮಾತ್ರ ಯಾರ ಜೊತೆಗೂ ಒಂದು ಮಾತಾಡಲ್ಲ, ದೊರೆ ಅಲ್ಲದೆ ಇನ್ನೇನು. ಮಾತಿಲ್ಲ, ನಡಿಗೆಯಿಲ್ಲ, ಕೈಗಳು ಮಣಿಕಟ್ಟಿನಲ್ಲಿ ಒಳಕ್ಕೆ ಮಡಿಸಿಕೊಂಡಿವೆ, ಆದರೆ ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು, ಯಾರಾದರೂ ಸೀನಿದರೆ ಹೊಟ್ಟೆ ಹಿಡಿದುಕೊಳ್ಳುವಂಥ ನಗು — ಸುಳ್ಳು ಸೀನು ಸೀನಿದರೆ ನಗುವುದಿಲ್ಲ, ಗಂಡ ಎಷ್ಟೋ ಸಲ ನಾಟಕ ಮಾಡಿ ಸೋತಿದ್ದಾನೆ, ನಿಜವಾದ ಸೀನೇ ಆಗಬೇಕು. ಡಾಕ್ಟರು ಅವಳ ಬೆರಳುಗಳಿಗೆ ಸೂಜಿಯಿಂದ ಚುಚ್ಚಿದ್ದರು, ಗೊತ್ತಾಗುತ್ತಾ, ಹ್ಞೂಂ, ಇಲ್ಲಿ, ಹ್ಞೂಂ, ಕಣ್ಣು ಮುಚ್ಚಿ ಹೇಳಮ್ಮ, ಕಣ್ಣು ಮುಚ್ಚಿದಳು, ಚುಚ್ಚಿದರೋ ಬಿಟ್ಟರೋ ದೇವರಿಗೇ ಗೊತ್ತು. ನರ ಒತ್ತಿಹೋಗಿದೆ, ಬಿಟ್ಟರೆ ಕೈಯೇ ಹೋಗುತ್ತೆ, ಆಪರೇಷನ್ ಆಗಲಿ, ಆದಮೇಲೆ ಭಾರ ಎತ್ತೋ ಹಾಗಿಲ್ಲ. ಎಷ್ಟು ದಿನ ಸಾರ್. ಎತ್ತೋ ಹಾಗಿಲ್ಲ ಅಂದ್ರೆ ಎತ್ತೋ ಹಾಗಿಲ್ಲ ಕಣಮ್ಮ, ಮನೇಲಿ ಅಂಥಾ ಭಾರ ಏನಿದೆ? ಮಗ, ಎಂದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿದರು. ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯೊಂದಿದೆ ಎಂದು ಹೇಳಿದವರೂ ಅವರೇ.

ಆ ಮನೆಯಲ್ಲಿ ಒಂದೇ ಒಂದು ಹಾಸಿಗೆ ಖಾಲಿಯಿದೆ, ಒಂದು ದಿನ ಹುಡುಗನನ್ನು ಇಲ್ಲಿ ಬಿಟ್ಟು ನೋಡಿ, ಸಂಜೆಯೊಳಗೆ ಹೂಂ ಅನ್ನಿ ಇಲ್ಲ ಊಹೂಂ ಅನ್ನಿ, ನಿಮ್ಮ ಹಿಂದೆ ಕಾಯುತ್ತಿರುವವರು ಇದ್ದಾರೆ ಎಂದು ಅಲ್ಲಿನ ಮೇಡಂ ಹೇಳಿದ್ದರು, ಒಳ್ಳೆಯ ದನಿಯಲ್ಲೇ ಹೇಳಿದ್ದರು. ಹಾಸಿಗೆ ಖಾಲಿ ಹೇಗಾಯಿತು ಎಂದು ಗಂಡ ಕೇಳಲಿಲ್ಲ, ಅವಳೂ ಕೇಳಲಿಲ್ಲ. ನೀನೇ ಹೇಳಿಬಿಡು ಎಂದ ಗಂಡ ಬೆಳಿಗ್ಗೆ ತನ್ನ ಕೆಲಸದ ವ್ಯಾನಿನಲ್ಲಿ, ನೀನು ಇಲ್ಲ ಅಂದ್ರೆ ಇಲ್ಲ, ನಾನು ಕೆಲಸದ ಹೊತ್ತು ಬದಲಾಯಿಸ್ಕೋತೀನಿ, ಹೇಗೋ ಮಾಡೋಣ. ಹೇಗೋ ಅಂದರೆ ಹೇಗ್ರೀ. ಹೇಗೋ. ಇವನು ಹೇಗೋ ಎಂದರೆ ಅವಳು ಎಂದೇ ಅರ್ಥ, ಅದು ಇಬ್ಬರಿಗೂ ಗೊತ್ತು, ಸಿಟ್ಟೂ ಬರಲಿಲ್ಲ, ಸಿಟ್ಟು ಬರುವ ಜಾಗವೂ ಆ ಮೂರು ಬೆರಳುಗಳ ಹಾಗೆ ಆಗಿಹೋಗಿದೆ. ಆ ಮನೆಯೊಳಗೆ ಉದ್ದನೆಯ ಕೋಣೆ, ಸಾಲು ಕಿಟಕಿ, ನೆಲದ ಮೇಲೆ ದಪ್ಪ ಚಾಪೆ, ಗೋಡೆಗೆ ಮಕ್ಕಳ ಎತ್ತರಕ್ಕೆ ಕನ್ನಡಿ, ಒಬ್ಬಳು ಹುಡುಗಿ ಕನ್ನಡಿಗೆ ನಾಲಿಗೆ ತೋರಿಸುತ್ತಾ ಕೂತಿದ್ದಾಳೆ, ಫಿನಾಯಿಲು ವಾಸನೆ, ಅದರ ಕೆಳಗೆ ಮಕ್ಕಳ ವಾಸನೆ. ಬೆಡ್‌ಶೀಟು ನೋಡಿದಳು, ಕಸುಬು ಬಿಡುತ್ತದೆಯೇ, ಅಂಚು ಸವೆದಿದೆ, ಕಲೆಯಿಲ್ಲ, ಚೆನ್ನಾಗಿ ಒಗೆದಿದ್ದಾರೆ. ಆಯಾ ದಪ್ಪನೆಯ ಹೆಂಗಸು, ಎಲ್ಲ ಮಕ್ಕಳ ಜೊತೆಗೂ ಜಗಳಕ್ಕೆ ನಿಂತವಳ ಹಾಗೆಯೇ ಮಾತು, ಏನಪ್ಪ ಹೊಸಬ, ಮೂತಿ ಯಾಕೆ ಹೀಗಿದೆ, ನಿಮ್ಮಪ್ಪನ ಆಸ್ತಿ ನಾನು ತಿಂದೆನಾ? ದೊರೆ ಆಯಾಳನ್ನು ನೋಡಿದ, ಅವಳ ಮೂಗುತಿ ನೋಡಿದ, ಅದು ಹೊಳೆಯುತ್ತಿತ್ತು.

ಹೇಳಿಬಿಡಬೇಕು, ಮೊದಲೇ ಎಲ್ಲ ಹೇಳಿಬಿಡಬೇಕು ಎಂದು ಅವಳು ಶುರುಮಾಡಿದ್ದಳು, ಬಲಕ್ಕೆ ತಿರುಗಿಸಿ ಮಲಗಿಸಬೇಡಿ, ದಿಂಬು ಮೊಣಕಾಲಿನ ನಡುವೆ, ಜ್ವರದ ಹಾಗೆ ಕಂಡರೆ ಕುತ್ತಿಗೆ ಮುಟ್ಟಿ ನೋಡಿ, ಹಣೆ ಸುಳ್ಳು ಹೇಳುತ್ತೆ, ಮತ್ತೆ ಊಟ, ಊಟದ್ದೇ ದೊಡ್ಡ ರಾಮಾಯಣ, ನನ್ನ ಕೈಲಿ ಬಿಟ್ಟು ಬೇರೆಯವರ ಕೈಲಿ ತಿನ್ನಲ್ಲ ಇವನು, ಈಗಲೇ ಹೇಳ್ತೀನಿ, ಅವರಪ್ಪನ ಕೈಲೂ ತಿನ್ನಲ್ಲ. ಹೌದಾ, ಎಂದಳು ಆಯಾ. ಹೌದು. ಚಮಚೆ ತಂದ ಕೂಡಲೇ ಬಾಯಿ ಬಿಡಲ್ಲ, ಬಾಯಿಗೆ ಬೀಗ ಹಾಕಿದ ಹಾಗೆ, ಚಮಚೆ ತುದಿಯನ್ನ ಕೆಳತುಟಿಗೆ ತಾಗಿಸಬೇಕು, ಹಾಗೇ ಹಿಡ್ಕೊಂಡಿರಬೇಕು, ಅವಸರ ಮಾಡಬಾರದು, ಒಂದು ಉಸಿರು, ಎರಡು ಉಸಿರು, ಆಮೇಲೆ ತಾನಾಗೇ ಬಿಡ್ತಾನೆ, ಎಲ್ಲರಿಗೂ ಆಗಲ್ಲ ಅದು. ಆಯ್ತಮ್ಮ, ನೋಡೋಣ. ಬಿಡದಿದ್ರೆ ಫೋನ್ ಮಾಡಿ, ಹತ್ತಿರದಲ್ಲೇ ಕೆಲಸ ನನಗೆ, ಬಂದ್ಬಿಡ್ತೀನಿ. ಆಯ್ತಮ್ಮ. ಅಷ್ಟರಲ್ಲಿ ಕನ್ನಡಿ ಮುಂದಿನ ಹುಡುಗಿ ಸೀನಿದಳು, ನಿಜವಾದ ಸೀನು, ಮೂಗೆಲ್ಲ ಒದ್ದೆಯಾಗುವ ಸೀನು, ದೊರೆ ನಕ್ಕ, ಕತ್ತು ಹಿಂದಕ್ಕೆ ಎಸೆದು ಗಹಗಹಿಸಿ ನಕ್ಕ, ನಗುತ್ತಿರುವಾಗಲೇ ಹೊರಟುಬಿಡೋಣ ಎಂದ ಗಂಡ, ಹೊರಟರು. ಗಂಡ ಸಿಗ್ನಲ್ಲಿನಲ್ಲಿ ವ್ಯಾನು ನಿಲ್ಲಿಸಿ ಮೂಗು ಒರೆಸಿಕೊಂಡ, ಅವಳು ಹೊರಗೆ ನೋಡುತ್ತಿದ್ದಳು, ಅಂಗಡಿಯೊಂದರ ಶಟರು ಅರ್ಧಕ್ಕೆ ಸಿಕ್ಕಿಕೊಂಡು ಮುದುಕನೊಬ್ಬ ಅದನ್ನು ಒದೆಯುತ್ತಿದ್ದ.

ಮುಚ್ಚಿದ ತುಟಿ, ಅದರ ಮುಂದೆ ಚಮಚೆ — ಈ ಒಂದು ವರ್ಷದಲ್ಲಿ ಅವಳು ಏನನ್ನಾದರೂ ಚೆನ್ನಾಗಿ ನೋಡಿದ್ದಾಳೆ ಎಂದರೆ ಅದನ್ನೇ. ಕೆಳತುಟಿಯ ನಡುವೆ ಸಣ್ಣ ಗೆರೆ, ಎಡಗಡೆ ಮೀಸೆ ಬರುವ ಜಾಗದಲ್ಲಿ ಈಗೀಗ ನೆರಳಿನ ಹಾಗೆ ರೋಮ, ಕಣ್ಣು ಚಮಚೆಯ ಮೇಲೆ, ಆಮೇಲೆ ಅವಳ ಮುಖದ ಮೇಲೆ, ಮತ್ತೆ ಚಮಚೆಯ ಮೇಲೆ, ಆಮೇಲೆ ತುಟಿ ಸಡಿಲವಾಗುತ್ತದೆ. ಆ ಸಡಿಲವಾಗುವ ಗಳಿಗೆಯಲ್ಲಿ ಅವಳಿಗೆ — ಏನೋ ಆಗುತ್ತಿತ್ತು, ಎದೆಯಲ್ಲಿ, ಬೇರೆ ಏನೂ ಆಗದಿದ್ದ ದಿನಗಳಲ್ಲೂ ಅದೊಂದು ಆಗುತ್ತಿತ್ತು. ಮೊದಲು ಹೀಗಿರಲಿಲ್ಲ. ಅತ್ತೆ ಇದ್ದಾಗ ಎಲ್ಲರ ಕೈಲೂ ತಿನ್ನುತ್ತಿದ್ದ, ಅತ್ತೆ ಅವನೆದುರು ಬೊಚ್ಚುಬಾಯಿ ಆ ಎಂದು ತೆರೆಯುವಳು, ಅವನೂ ತೆರೆಯುವನು, ಇಬ್ಬರ ಬಾಯಲ್ಲಿ ಯಾರ ಬಾಯಿ ದೊಡ್ಡದು ಎಂದು ಗಂಡ ಪಂದ್ಯ ಕಟ್ಟುವನು. ಅತ್ತೆ ಹೋದಮೇಲೆ ನಿಂತುಹೋಯಿತು. ಹೋದ ಕೂಡಲೇ ಅಲ್ಲ, ಕೆಲವು ತಿಂಗಳಾದ ಮೇಲೆ, ನಾಲಿಗೆಯಲ್ಲಿ ಹುಣ್ಣಾಗಿತ್ತಲ್ಲ ಆಗ, ಬಾಯಿ ತೊಳೆಸುವಾಗ ನೋಡಿದರೆ ನಾಲಿಗೆಯ ತುದಿ ಕೆಂಪಗೆ, ಮಧ್ಯೆ ಬಿಳಿಯ ಸಿಪ್ಪೆ ಎದ್ದ ಹಾಗೆ, ಬಾಯಿಹುಣ್ಣು ಎಂದು ಔಷಧಿ ಅಂಗಡಿಯವನು ಮಾತ್ರೆ ಕೊಟ್ಟ, ಪುಡಿಮಾಡಿ ಜೇನಿನಲ್ಲಿ ಕಲಸಿ ನೆಕ್ಕಿಸಿದಳು, ಹುಣ್ಣು ಮಾಯಿತು, ಬಾಯಿ ಮಾತ್ರ ಮುಚ್ಚಿಕೊಂಡಿತು. ಎರಡು ದಿನ ಏನೂ ತಿನ್ನಲಿಲ್ಲ, ಗಂಡ ಕೈ ಚೆಲ್ಲಿ ಕೂತ, ಅವಳೇ ತುಟಿಗೆ ತಾಗಿಸುವ ಉಪಾಯ ಕಂಡುಹಿಡಿದಳು. ಅಜ್ಜಿ ಹೋದ ದುಃಖ ಈಗ ಹೊರಗೆ ಬರ್ತಿದೆ ಎಂದ ಗಂಡ, ವಯಸ್ಸಿಗೆ ಬರ್ತಿದ್ದಾನೆ, ಹಟ ಎಂದಳು ಗಡಿಬಿಡಿಯಕ್ಕ, ಇರಬಹುದು, ಎರಡೂ ಇರಬಹುದು. ಗಂಡ ಅದೇ ಬಟ್ಟಲು ತೆಗೆದುಕೊಂಡು ಕೂತರೆ ಅವನಿಗೆ ತಾಳ್ಮೆ ಸಾಲದು, ತುಟಿಗೆ ತಾಗಿಸುವ ಬದಲು ತಿವಿಯುತ್ತಾನೆ, ಹೋಗಲಿ ಬಿಡು, ದೊರೆಗೆ ನಿನ್ನ ಕೈಯೇ ಬೇಕಂತೆ ಎಂದು ಎದ್ದುಬಿಡುತ್ತಾನೆ. ನಿನ್ನ ಕೈಯೇ ಬೇಕಂತೆ. ಹಾಗೆ ಅನ್ನಿಸಿಕೊಳ್ಳುವುದು ಕಷ್ಟವೇ, ಆದರೆ ಹಾಗೆ ಅನ್ನಿಸಿಕೊಳ್ಳದೆ ಹೋದರೆ ಅವಳಲ್ಲಿ ಇನ್ನೇನು ಉಳಿಯಿತು.

ಊಟದ ಹೊತ್ತು ಕಳೆಯಿತು. ಲಾಂಡ್ರಿಯವರೆಲ್ಲ ಹಿಂದಿನ ಕೋಣೆಯಲ್ಲಿ ಡಬ್ಬಿ ತೊಳೆದಿಟ್ಟು ಬಂದರು, ರೋಲರು ಮತ್ತೆ ಶುರುವಾಯಿತು, ತೊಡೆ ನಡುಗಲಿಲ್ಲ. ಜೇಬಿನಿಂದ ತೆಗೆದು ನೋಡಿದಳು, ಸಿಗ್ನಲ್ ಇದೆ, ಕಡ್ಡಿಗಳೆಲ್ಲ ನೆಟ್ಟಗೆ ನಿಂತಿವೆ. ಅವರು ಮರೆತಿರಬೇಕು, ಇಲ್ಲ ಇನ್ನೂ ಪ್ರಯತ್ನ ಮಾಡುತ್ತಿರಬೇಕು, ಅಷ್ಟು ಬೇಗ ಸೋಲು ಒಪ್ಪುವ ಹೆಂಗಸಲ್ಲ ಆ ಮೂಗುತಿಯವಳು, ತಣ್ಣಗಾದ ಗಂಜಿ ಹಿಡಿದುಕೊಂಡು ಅವನ ಮುಂದೆ ಕೂತಿರಬೇಕು, ಅವನು ಹಸಿದುಕೊಂಡು, ತುಟಿ ಬಿಗಿದುಕೊಂಡು, ಬಾಗಿಲ ಕಡೆ ನೋಡುತ್ತಾ. ಹಸಿದುಕೊಂಡಿರಲಿ ಎಂದು ತಾಯಿಯಾದವಳು ಆಸೆಪಡುವುದುಂಟೇ — ಉಂಟು, ಅವಳು ಬೆಳಿಗ್ಗೆಯಿಂದ ಅದನ್ನೇ ಪಡುತ್ತಿದ್ದಾಳೆ, ಗಂಡನಿಗೂ ಹೇಳಿಲ್ಲ, ಈ ಒಂದು ಹೊತ್ತು ಅವನು ಬಾಯಿ ಬಿಡದಿದ್ದರೆ ಸಾಕು, ಇಲ್ಲ ಎನ್ನಲು ಕಾರಣ ಸಿಕ್ಕುತ್ತದೆ, ಕೈ ಹೋದರೆ ಹೋಗಲಿ, ಎಡಗೈ ಇದೆಯಲ್ಲ. ಏನೇ, ಎಲ್ಲಿದ್ದೀಯೇ, ಮೂಲೆ ಕೊಡೇ ಎಂದಳು ಗಡಿಬಿಡಿಯಕ್ಕ. ಕೊಟ್ಟಳು. ನೋಡು, ಬಿಟ್ಟುಬಿಡು ಅಂತ ನಾನು ಹೇಳಲ್ಲ, ಇಟ್ಕೋ ಅಂತಲೂ ಹೇಳಲ್ಲ, ಆದ್ರೆ ಎರಡೂ ಹೇಳ್ದೆ ನನ್ನ ಬಾಯಿ ಸುಮ್ಮನಿರಲ್ಲ ಏನ್ಮಾಡ್ಲಿ. ಹೇಳು ಅಕ್ಕ. ಅಕ್ಕ ಅವಳ ಬೆರಳುಗಳನ್ನು ಬೆಡ್‌ಶೀಟಿನ ಸಮೇತ ಹಿಡಿದುಕೊಂಡಳು, ಹಿಡಿದುಕೊಂಡದ್ದು ಕಣ್ಣಿಗೆ ಕಂಡಿತು, ಬೆರಳಿಗೆ ಗೊತ್ತಾಗಲಿಲ್ಲ. ಈ ಅಕ್ಕನೇ ಅಲ್ಲವೇ ಅವತ್ತು ಕಿರುಚಿದ್ದು, ಕೈ ತೆಗಿಯೇ, ಸುಡ್ತಿದೆ ಕಣೇ, ಕೈ ತೆಗಿ — ರೋಲರಿನ ಅಂಚಿನ ಕಬ್ಬಿಣಕ್ಕೆ ಮೂರು ಬೆರಳು ಒತ್ತಿ ನಿಂತಿದ್ದಳಂತೆ, ಹಾಗೇ ಮಾತಾಡುತ್ತಾ, ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ಅಕ್ಕನ ಮೂಗಿಗೆ. ಡಾಕ್ಟರ ಹತ್ತಿರ ಹೋದದ್ದೇ ಆಮೇಲೆ. ಎಷ್ಟು ದಿನದಿಂದ ಹೀಗಿದೆ ಎಂದರೆ ಏನು ಹೇಳುವುದು, ನೋವಾದರೆ ನೋವು ಶುರುವಾದ ದಿನ ನೆನಪಿರುತ್ತದೆ, ಇದು ಹಾಗಲ್ಲ, ಜೋಮು ಹಿಡಿದ ಹಾಗಿತ್ತು, ಆಮೇಲೆ ಜೋಮೂ ಇಲ್ಲ. ಅವತ್ತಿನಿಂದ ಗಂಜಿಯ ಬಿಸಿಯನ್ನೂ ಎಡಗೈ ಬೆರಳು ಅದ್ದಿಯೇ ನೋಡುವುದು, ಬಲಗೈಯನ್ನು ನಂಬುವಂತಿಲ್ಲ.

ಹೋಗಿ ಬಾ, ಮ್ಯಾನೇಜರಿಗೆ ನಾನು ಹೇಳ್ಕೋತೀನಿ, ಇಲ್ಲಿ ನಿಂತು ನನ್ನ ಬೆಡ್‌ಶೀಟೆಲ್ಲ ಸೊಟ್ಟ ಮಾಡ್ಬೇಡ ಎಂದು ಅಕ್ಕ ಅವಳ ಏಪ್ರನ್ನಿನ ಗಂಟನ್ನು ತಾನೇ ಎಳೆಯಹೋದಳು, ಅವಳು ಕೊಡವಿಕೊಂಡು ಏಪ್ರನ್ ಸಮೇತ ಹೊರಟಳು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೀಟು ಸಿಕ್ಕಿದರೆ ತೊಡೆಯ ಮೇಲೆ ಏನಾದರೂ ಇರಬೇಕು, ಏನೂ ಇಲ್ಲ, ಕೈಗಳನ್ನು ಎಲ್ಲಿಡುವುದು ಎಂದು ಗೊತ್ತಾಗದೆ ಒಂದರ ಮೇಲೊಂದು ಇಟ್ಟುಕೊಂಡಳು, ಪಕ್ಕದ ಹೆಂಗಸು ಮಡಿಲಲ್ಲಿ ಒಂದು ಸೌತೆಗಿಡದ ಕುಂಡ ಇಟ್ಟುಕೊಂಡಿದ್ದಳು, ಬಸ್ಸು ತಿರುಗಿದಾಗೆಲ್ಲ ಬಳ್ಳಿಯ ತುದಿ ಇವಳ ಭುಜ ಸವರುತ್ತಿತ್ತು. ಹೀಗೇ ಆಗುತ್ತದೆ ಇನ್ನು, ಹೂಂ ಅಂದರೆ, ಬೆಳಿಗ್ಗೆ ಎದ್ದರೆ ಎತ್ತುವುದಕ್ಕೇನೂ ಇಲ್ಲ, ಹಲ್ಲುಜ್ಜಬಹುದು, ಒಂದೇ ಬಾಯಿಯ ಹಲ್ಲು, ತನ್ನದು, ಮೆಟ್ಟಿಲಿಳಿಯುವಾಗ ಕೈ ಬೀಸಿಕೊಂಡು ಇಳಿಯಬಹುದು, ಕೆಳಮನೆಯವನಿಗೆ ತಮಾಷೆಯಿಲ್ಲ. ಅದನ್ನು ನೆನೆದರೆ ಸುಖ ಎನಿಸಬೇಕು, ಇಲ್ಲ ದುಃಖ ಎನಿಸಬೇಕು, ಎರಡರಲ್ಲೊಂದು, ಕಾದು ನೋಡಿದಳು, ಬಸ್ಸು ಹಳ್ಳಕ್ಕಿಳಿದು ಮೇಲೆದ್ದಿತು, ಏನೂ ಎನಿಸಲಿಲ್ಲ. ಅವನು ಹುಟ್ಟಿ ಮೂರು ತಿಂಗಳಿಗೆ ದೊಡ್ಡಾಸ್ಪತ್ರೆಯಲ್ಲಿ ಇವನು ಇನ್ನು ಹೀಗೇ ಎಂದು ಹೇಳಿದ ದಿನ ಹೀಗಿರಲಿಲ್ಲ, ಅವತ್ತು ಅತ್ತಿದ್ದಳು, ನಡುರಸ್ತೆಯಲ್ಲಿ ಚಪ್ಪಲಿ ಬಿಟ್ಟುಕೊಂಡು ಅತ್ತಿದ್ದಳು, ಅತ್ತೆ ಆ ಚಪ್ಪಲಿ ಎತ್ತಿಕೊಂಡು ಹಿಂದೆ ಹಿಂದೆ ಬಂದಿದ್ದಳು, ಅಳು ತಾಯಿ, ಅಳು, ಆದ್ರೆ ಚಪ್ಪಲಿ ಹಾಕ್ಕೊಂಡು ಅಳು, ಗಾಜಿದೆ. ಈಗ ಅತ್ತೆಯಿಲ್ಲ, ಅಳುವೂ ಇಲ್ಲ, ಚಪ್ಪಲಿ ಕಾಲಲ್ಲೇ ಇದೆ. ಆ ಮನೆಯ ಹಳದಿ ಗೇಟಿನ ಮುಂದೆ ಇಳಿದಳು.

ಕಾರಿಡಾರಿನಲ್ಲಿ ಯಾರೂ ತಡೆಯಲಿಲ್ಲ, ಬಾಗಿಲು ಅರ್ಧ ತೆರೆದಿತ್ತು, ಒಳಗೆ ಊಟವೋ ಸಂಜೆಯ ತಿಂಡಿಯೋ ನಡೆಯುತ್ತಿತ್ತು, ಬಟ್ಟಲುಗಳ ಸದ್ದು. ದೊರೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿಂಬು ಒತ್ತರಿಸಿಕೊಂಡು ಕೂತಿದ್ದ, ಕತ್ತಿಗೆ ಟವೆಲು, ಬೆನ್ನು ಅರ್ಧ ಈ ಕಡೆ, ಆಯಾ ಎದುರಿಗೆ ಸ್ಟೂಲಿನ ಮೇಲೆ, ಬಟ್ಟಲಿನಿಂದ ಚಮಚೆಯಲ್ಲಿ ತೆಗೆದು, ಅವನ ಮಡಿಸಿದ ಮಣಿಕಟ್ಟನ್ನು ಎಡಗೈಯಲ್ಲಿ ತಿರುಗಿಸಿ, ಅದರ ಒಳಮೈಗೆ ಒಂದು ತೊಟ್ಟು ಗಂಜಿ ಬಿಟ್ಟಳು. ನೋಡ್ಕೊಳ್ಳಪ್ಪ, ಸರಿಯಾಗಿದೆಯಾ ಸಾಹುಕಾರ್ರೇ, ಆಮೇಲೆ ನನ್ನ ಮೇಲೆ ಹೇಳ್ಬೇಡಿ. ದೊರೆ ತನ್ನ ಕೈ ಮೇಲಿನ ತೊಟ್ಟನ್ನು ನೋಡಿದ. ಬಾಯಿ ತೆರೆದ. ಚಮಚೆ ಇನ್ನೂ ಬಟ್ಟಲಿನ ಮೇಲೇ ಇತ್ತು, ಎದ್ದೂ ಇರಲಿಲ್ಲ, ಆಗಲೇ ಬಾಯಿ ತೆರೆದಿದ್ದ, ಹಲ್ಲು, ನಾಲಿಗೆ, ಕಿರುನಾಲಿಗೆಯವರೆಗೆ ಎಲ್ಲ ಕಾಣುವಷ್ಟು, ಅತ್ತೆಯ ಮುಂದೆ ತೆರೆಯುತ್ತಿದ್ದನಲ್ಲ ಹಾಗೆ. ತೊಡೆ ನಡುಗಿತು. ಫೋನ್, ಗಂಡ, ಏನಂತೆ, ತಿಂದ್ನಾ? ತಿಂತಿದ್ದಾನೆ, ಎಂದಳು. ನಿನ್ನ ಕೈಲಾ? ಅಲ್ಲ. ಆ ಕಡೆ ಗಂಡನ ಹಿಂದೆ ಯಾವುದೋ ಲಿಫ್ಟಿನ ಗಂಟೆ ಬಿಡದೆ ಹೊಡೆದುಕೊಳ್ಳುತ್ತಿತ್ತು, ಯಾರೋ ಸಿಕ್ಕಿಕೊಂಡಿದ್ದಾರೆ. ಹಾಗಾದ್ರೆ ಒಳ್ಳೇದೇ ಆಯ್ತಲ್ವಾ, ಎಂದ. ಹ್ಞೂಂ. ಏನು ಹೇಳ್ಲಿ ಮೇಡಂಗೆ, ಫೋನ್ ಮಾಡಿದ್ರು ನನಗೆ. ನಾನೇ ಹೇಳ್ತೀನಿ, ಇಲ್ಲೇ ಇದ್ದೀನಿ, ನೀವು ಆ ಲಿಫ್ಟಿನ ಗಂಟೆ ನೋಡಿ. ಆಯಾ ತಿರುಗಿದಳು, ಓಹೋ ಬಂದ್ರಾ, ಬನ್ನಿ ಬನ್ನಿ, ಯಾರ ಕೈಲೂ ತಿನ್ನಲ್ಲ ಅಂದ್ರಲ್ಲ, ಇವನೇನಾ ಅದು, ಮಧ್ಯಾಹ್ನ ಬಿಟ್ಟಿದ್ರೆ ಬಟ್ಟಲು ಸಮೇತ ನುಂಗ್ತಿದ್ದ. ಅಲ್ಲ, ಕೈ ಮೇಲೆ ಯಾಕೆ ಹಾಕಿದ್ರಿ, ಗಂಜಿ? ಕೈ ಮೇಲಾ? ಅಯ್ಯೋ, ಎಲ್ಲರಿಗೂ ಹಾಗೇ ಹಾಕೋದು, ಬಿಸಿ ಇದೆಯೋ ಇಲ್ಲವೋ ನೋಡ್ಕೊಳ್ಳಲಿ ಅಂತ, ಬಾಯಿ ಸುಟ್ರೆ ಪಾಪ ಇವಕ್ಕೆ ಹೇಳೋಕೆ ಬರುತ್ತಾ? ತಗೊಳ್ಳಿ, ಎರಡು ಚಮಚೆ ಉಳಿದಿದೆ, ನೀವೇ ತಿನ್ಸಿ, ಅಮ್ಮ ಬಂದ್ಲು ನೋಡೋ.

ಅವಳು ಸ್ಟೂಲಿನ ಮೇಲೆ ಕೂತಳು. ದೊರೆ ಅವಳನ್ನು ನೋಡಿದ, ಕಣ್ಣು ಅರಳಿತು, ಗಂಟಲಿನಲ್ಲಿ ಅವನದೇ ಆ ಸಣ್ಣ ಸದ್ದು, ಸಂಜೆ ಅವಳು ಬಾಗಿಲು ತೆರೆದಾಗ ಮಾಡುವ ಸದ್ದು, ಭುಜವೆಲ್ಲ ಕುಣಿಯಿತು, ಮಡಿಸಿದ ಕೈಗಳೆರಡೂ ಅವಳ ಕಡೆಗೆ ಎದ್ದವು, ಖುಷಿಯಾಗಿದೆ, ಖುಷಿಯೇ ಅದು, ಅದರಲ್ಲಿ ಅನುಮಾನವಿಲ್ಲ. ಚಮಚೆ ತುಂಬಿಸಿದಳು, ಬಲಗೈಯಲ್ಲಿ, ಅಭ್ಯಾಸ, ಎತ್ತಿದಳು. ತುಟಿ ಮುಚ್ಚಿಕೊಂಡಿತು. ಕಣ್ಣು ಇನ್ನೂ ನಗುತ್ತಿದೆ, ತುಟಿ ಬಿಗಿಯಾಗಿ ಮುಚ್ಚಿದೆ, ಕಣ್ಣು ಚಮಚೆಯ ಮೇಲೆ, ಅವಳ ಮುಖದ ಮೇಲೆ, ಮತ್ತೆ ಚಮಚೆಯ ಮೇಲೆ, ಕಾಯುತ್ತಿದ್ದಾನೆ, ಚಮಚೆ ತುಟಿಗೆ ತಾಗಲಿ ಎಂದು, ತಾಗಿದರೆ ಗೊತ್ತಾಗುತ್ತದೆ — ಬಿಸಿಯೋ ಅಲ್ಲವೋ. ನಾಲಿಗೆಯ ತುದಿ ಕೆಂಪಗೆ, ಮಧ್ಯೆ ಬಿಳಿಯ ಸಿಪ್ಪೆ. ಬಾಯಿಹುಣ್ಣಲ್ಲ, ಸುಟ್ಟದ್ದು. ರೋಲರಿನ ಕಬ್ಬಿಣ ಬೆರಳು ಸುಡುವುದಕ್ಕಿಂತ ಎಷ್ಟೋ ತಿಂಗಳ ಮುಂಚೆ, ಗಂಜಿಯಲ್ಲಿ ಈ ಬೆರಳೇ ಅದ್ದಿ ನೋಡಿದ್ದಳು, ಸರಿಯಾಗಿದೆ ಎಂದಿತ್ತು ಬೆರಳು, ಅವತ್ತೊಂದೇ ದಿನವೋ, ಎಷ್ಟು ದಿನವೋ, ಅವನು ಬಾಯಿ ತೆರೆಯುತ್ತಿದ್ದ, ಅವಳು ತುಂಬುತ್ತಿದ್ದಳು, ಕಣ್ಣಲ್ಲಿ ನೀರು ಬಂದಿದ್ದರೆ ನೆತ್ತಿಗೇರಿತು ಎಂದು ಬೆನ್ನು ತಟ್ಟಿರಬೇಕು. ಅಪ್ಪನ ಕೈಲೂ ತಿನ್ನಲಿಲ್ಲ, ಯಾಕೆ ತಿನ್ನುತ್ತಾನೆ, ಅದೇ ಬಟ್ಟಲು, ಅವಳೇ ಬಿಸಿ ನೋಡಿ ಕೊಟ್ಟ ಬಟ್ಟಲು. ಎಡಗೈಗೆ ಬದಲಾಯಿಸಿದ್ದು ಅವಳಿಗೆ ಗೊತ್ತು, ಅವನಿಗೆ ಯಾರು ಹೇಳಿದರು. ನಿನ್ನ ಕೈಯೇ ಬೇಕಂತೆ. ಒಂದು ಉಸಿರು, ಎರಡು ಉಸಿರು, ಒಂದು ವರ್ಷ ಅದನ್ನೇ ನೋಡಿದಳು ಎದೆ ತುಂಬಿಕೊಂಡು. ಅಯ್ಯೋ ನೋಡಿ, ಅಮ್ಮ ಬಂದ ತಕ್ಷಣ ಮುದ್ದು ಮಾಡಿಸ್ಕೊಳ್ಳೋಕೆ ಶುರು ಹಚ್ಕೊಂಡ ಎಂದು ಆಯಾ ನಗುತ್ತಿದ್ದಾಳೆ. ಇರಲಿ ಎಂದಳು ಅವಳು. ಏನಂದ್ರಿ? ಇಲ್ಲೇ ಇರಲಿ, ಮೇಡಂಗೆ ಹೇಳಿ, ಇಲ್ಲೇ ಇರಲಿ ಇವನು — ದನಿ ಸರಿಯಾಗಿಯೇ ಬಂತು, ಮೂಲೆ ಕೊಡು ಎನ್ನುವಾಗ ಬರುವಷ್ಟೇ ಸರಿಯಾಗಿ, ಆಯಾ ಎದ್ದು ಹೋದಳು, ಎಲ್ಲೋ ಯಾರೋ ಸೀನಿದರು, ಅವನು ಈ ಸಲ ನಗಲಿಲ್ಲ, ಅವನ ಗಮನವೆಲ್ಲ ಇಲ್ಲೇ ಇತ್ತು, ಚಮಚೆ ಮೇಲೆ, ಚಮಚೆ ಹಿಡಿದ ಬೆರಳುಗಳಿಗೆ ಚಮಚೆ ಇದೆಯೋ ಇಲ್ಲವೋ ಗೊತ್ತಿಲ್ಲ, ಕಣ್ಣಿಗೆ ಕಾಣುತ್ತಿದೆ, ಇದೆ, ಅದರಾಚೆ ತುಟಿ, ಕೆಳತುಟಿಯ ನಡುವಿನ ಸಣ್ಣ ಗೆರೆ, ತಾಗಿಸಬೇಕು, ಕೈ ಮುಂದೆ ಹೋಗುತ್ತಿಲ್ಲ, ನಗುವ ಕಣ್ಣು, ಅದರ ಕೆಳಗೆ ಮುಚ್ಚಿದ ತುಟಿ, ಮುಚ್ಚಿದ ತುಟಿ